ಸಜೀಪದ ಉಸಿರು, ಸ್ಯಾಕ್ಸೋಫೋನಿನ ಗಮಕ

ಬಂಟ್ವಾಳ ತಾಲ್ಲೂಕಿನ ಊರು ಸಜೀಪಮೂಡ. ಅಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ದೊಡ್ಡ ಸಾಧನೆ, ಪರದೇಶದ ವಾದ್ಯಕ್ಕೆ ಗಮಕ ಕಲಿಸಿದ್ದು. ಕೀಲಿಯಿರುವ ವಾದ್ಯದಲ್ಲಿ ರಾಗ ನಿಲ್ಲದು ಎಂಬ ಆಕ್ಷೇಪ ಸುಳ್ಳಲ್ಲ. ಪಿಯಾನೋದಲ್ಲಿ ಒತ್ತಿದ ಸ್ವರ ಮತ್ತೆ ವಾದಕನ ಹಿಡಿತಕ್ಕೆ ಸಿಗುವುದಿಲ್ಲ. ತೋಡಿಯ ಗಾಂಧಾರವನ್ನು ತೂಗಿಸಲು ಅಲ್ಲಿ ದಾರಿಯೇ ಇಲ್ಲ. ಸ್ಯಾಕ್ಸೋಫೋನ್ ಹಾಗಲ್ಲ. ರೀಡಿನ ಮೇಲೆ ತುಟಿ ತುಸು ಸಡಿಲವಾದರೆ ಸ್ವರ ತಗ್ಗುತ್ತದೆ, ಬಿಗಿದರೆ ಏರುತ್ತದೆ. ತಂದೆ ತನಿಯಪ್ಪನವರ ನಾಗಸ್ವರ ಕೇಳಿ ಬೆಳೆದ ಕಿವಿಗೆ ಈ ಸೂಕ್ಷ್ಮ ಸಹಜವಾಗಿ ದಕ್ಕಿತು. ಮುಂದೆ ಮಂಗಳೂರಿನ ಗೋಪಾಲಕೃಷ್ಣ ಅಯ್ಯರ್, ಚೆನ್ನೈನ ಟಿ.ವಿ. ಗೋಪಾಲಕೃಷ್ಣನ್ ಅವರ ಶಿಷ್ಯತ್ವ ಅದನ್ನು ತಿದ್ದಿತು. ಟಿ.ವಿ.ಜಿ. ಸ್ವತಃ ಗಾಯಕರು, ಹಾಡುವಂತೆ ನುಡಿಸುವ ಶೈಲಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ? 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯುವ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವ ಗೋಪಾಲನಾಥರನ್ನು ಕರೆಯಿತು. 2004ರಲ್ಲಿ ಪದ್ಮಶ್ರೀ ಬಂತು.

ಅವರಿಂದಾಗಿ ಕರಾವಳಿಯಲ್ಲಿ ನಾಗಸ್ವರ ಮೂಲೆ ಸೇರಿತು ಎನ್ನುವವರಿದ್ದಾರೆ. ಆ ನೋವಿನಲ್ಲಿ ಹುರುಳಿದೆ. ಆದರೂ ದೇವಸ್ಥಾನದ ಉತ್ಸವದಲ್ಲಿ, ಮದುವೆ ಚಪ್ಪರದಲ್ಲಿ ಇಂದು ಸ್ಯಾಕ್ಸೋಫೋನ್ ನುಡಿಸುವುದು ಅದೇ ಕೀರ್ತನೆ, ಅದೇ ರಾಗ, ಬಹಳಷ್ಟು ಕಡೆ ಅದೇ ವಾದ್ಯಗಾರ ಮನೆತನ. 2019ರ ಅಕ್ಟೋಬರ್ 11ರಂದು ಗೋಪಾಲನಾಥರು ತೀರಿಕೊಂಡಾಗ, ಈ ವಾದ್ಯವನ್ನೇ ಜೀವನವಾಗಿಸಿಕೊಂಡ ಶಿಷ್ಯರ ಒಂದು ತಲೆಮಾರೇ ಅವರ ಹಿಂದೆ ಇತ್ತು.