ಮಿದುಳಿನ ನಕ್ಷೆಯೂ ಅದನ್ನು ತಿದ್ದುವ ಕೈಯೂ

ಮಾನವನ ಮಿದುಳಿನಲ್ಲಿ ಮುಖ್ಯವಾಗಿ ಎರಡು ಬಗೆಯ ಅಂಗಾಂಶಗಳುಂಟು. ನರಕೋಶಗಳ ಒಡಲುಗಳಿಂದ ಕೂಡಿದ ಹೊರಪದರವು ಬೂದು ದ್ರವ್ಯ; ಅದರಡಿಯಲ್ಲಿ ಕೊಬ್ಬಿನ ಹೊದಿಕೆಯುಳ್ಳ ನರತಂತುಗಳ ಸಮೂಹವೇ ಬಿಳಿ ದ್ರವ್ಯ. ವಯಸ್ಕನೊಬ್ಬನ ಈ ತಂತುಗಳನ್ನು ಒಂದಕ್ಕೊಂದು ಜೋಡಿಸಿದರೆ ಅವುಗಳ ಉದ್ದ ಒಂದು ಲಕ್ಷ ಕಿಲೋಮೀಟರನ್ನು ಮೀರುತ್ತದೆ. ಬಹುಕಾಲದ ರಕ್ತದೊತ್ತಡವು ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸಿದಾಗ ಈ ತಂತುಗಳಿಗೆ ಪೆಟ್ಟು ಬೀಳುತ್ತದೆ. ನಡಿಗೆ ತೊಡರುತ್ತದೆ, ಯೋಚನೆ ಮಂದವಾಗುತ್ತದೆ.

ಈ ಹಾನಿಯನ್ನು ಅಳೆಯಲು ಸಂಶೋಧಕರು ಎಂ.ಆರ್.ಐ. ಚಿತ್ರಗಳನ್ನು ಅವಲಂಬಿಸುತ್ತಾರೆ. ಅಂತಹ ಚಿತ್ರವು ಸಾಮಾನ್ಯವಾಗಿ ಸುಮಾರು 1 ಮಿಲಿಮೀಟರಿನ ಘನಗಳಿಂದ ಕೂಡಿರುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಮಾರ್ಟಿನೋಸ್ ಕೇಂದ್ರದಲ್ಲಿ ಬೆಳೆದ ‘ಫ್ರೀಸರ್ಫರ್’ನಂತಹ ಗಣಕ ಕಾರ್ಯಕ್ರಮಗಳು ಪ್ರತಿಯೊಂದು ಘನದ ಹೊಳಪನ್ನೂ ನೆರೆಯನ್ನೂ ನೋಡಿ, ಬಿಳಿ ದ್ರವ್ಯದ ಗಡಿಯನ್ನು ತಾವೇ ಎಳೆಯುತ್ತವೆ.

ಆದರೆ ಯಂತ್ರವೂ ಎಡವುತ್ತದೆ. ರೋಗಪೀಡಿತ ಬಿಳಿ ದ್ರವ್ಯವು ಈ ಬಗೆಯ ಚಿತ್ರದಲ್ಲಿ ಮಸುಕಾಗಿ ಕಾಣುವುದರಿಂದ ಅದನ್ನು ಬೂದು ದ್ರವ್ಯವೆಂದು ಎಣಿಸಿಬಿಡುತ್ತದೆ. ಗಡಿ ಒಳಕ್ಕೆ ಕುಸಿಯುತ್ತದೆ. ಆಗ ನುರಿತ ಪರಿಶೀಲಕರು ಚಿತ್ರವನ್ನು ಪದರ ಪದರವಾಗಿ, ಮೂರು ದಿಕ್ಕುಗಳಿಂದಲೂ ನೋಡಿ, ತಪ್ಪಿಹೋದ ಘನಗಳನ್ನು ತುಂಬುತ್ತಾರೆ, ಹೆಚ್ಚಾದವನ್ನು ಅಳಿಸುತ್ತಾರೆ. ಹೀಗೆ ತುಂಬುವುದು ರೋಗವನ್ನು ಮರೆಮಾಡಿದಂತಲ್ಲ. ಕಲೆಗಳನ್ನು ಬೇರೊಂದು ಬಗೆಯ ಚಿತ್ರದಲ್ಲಿ ಪ್ರತ್ಯೇಕವಾಗಿ ಅಳೆಯಬಹುದು. ತಿದ್ದುವವರಿಗೆ ಆ ವ್ಯಕ್ತಿ ರೋಗಿಯೋ ಆರೋಗ್ಯವಂತನೋ ತಿಳಿದಿರಬಾರದು. ಇಬ್ಬರು ತಿದ್ದಿದ ನಕ್ಷೆಗಳು ಹೊಂದಿಕೆಯಾಗಬೇಕು. ಇಲ್ಲವಾದರೆ ಕೈಯ ಒಲವೇ ಫಲಿತಾಂಶವಾದೀತು.

ಇಂತಹ ಎಚ್ಚರಿಕೆ ಕನ್ನಡ ನಾಡಿಗೂ ಪ್ರಸ್ತುತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದ 10,000 ಗ್ರಾಮಸ್ಥರನ್ನು ದೀರ್ಘಕಾಲ ಗಮನಿಸುವ ಅಧ್ಯಯನವನ್ನು ಕೈಗೊಂಡಿದೆ, ಮಿದುಳಿನ ಎಂ.ಆರ್.ಐ.ಯೂ ಅದರ ಅಂಗ. ವರ್ಷಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಹೋಲಿಸುವಾಗ ಗಡಿಯ ತಪ್ಪು ರೋಗದ ಬೆಳವಣಿಗೆಯಂತೆ ತೋರಬಾರದಷ್ಟೆ.

ನಾಸಿಕ, ಛತ್ರಪತಿ ಸಂಭಾಜಿನಗರಗಳಂತಹ ಊರುಗಳಲ್ಲಿ ನೆಲೆಸಿದ ನಮ್ಮ ಹಿರಿಯರು ಆಸ್ಪತ್ರೆಯ ವರದಿಯಲ್ಲಿ ‘ಬಿಳಿ ದ್ರವ್ಯದ ಬದಲಾವಣೆ’ ಎಂಬ ಮಾತನ್ನು ಕಂಡು ಗಾಬರಿಗೊಳ್ಳಬೇಕಿಲ್ಲ. ವಯಸ್ಸಾದವರಲ್ಲಿ ಅದು ಅಪರೂಪವಲ್ಲ. ಆ ವರದಿಯನ್ನು ಬರೆಯುವವರು ವಿಕಿರಣತಜ್ಞರು. ಘನ ಘನವಾಗಿ ಗಡಿ ತಿದ್ದುವ ಕಾರ್ಯ ಹೆಚ್ಚಾಗಿ ಸಂಶೋಧನೆಗೆ ಸೇರಿದ್ದು. ವರದಿಯ ಅರ್ಥವನ್ನು ವೈದ್ಯರಿಂದಲೇ ತಿಳಿಯುವುದು ಲೇಸು. ನಕ್ಷೆಯ ಗಡಿಯನ್ನು ಪರಿಶೀಲಕರು ತಿದ್ದಿಯಾರು. ತಂತುಗಳಿಗಾದ ಹಾನಿಯನ್ನು ಹಾಗೆ ತಿದ್ದಲಾಗದು. ಆದ್ದರಿಂದ ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದೇ ಪ್ರತಿಯೊಬ್ಬರ ಕೈಯಲ್ಲಿರುವ ರಕ್ಷಣೆ.