ವೈರಸ್ಸಿನ ಎಳೆಗೆ ಡಿಎನ್‌ಎ ಕತ್ತರಿ

ಹಸುಗೂಸಿಗೆ ಉಸಿರಾಟದ ವೈರಸ್ಸಾದ ಆರ್‌ಎಸ್‌ವಿ ತಗುಲಿ ಪಕ್ಕೆ ಸೆಳೆಯತೊಡಗಿದರೆ ಆಸ್ಪತ್ರೆಯಲ್ಲಿ ಮಾಡುವುದು ಇಷ್ಟೇ: ಮೂಗು ಕಟ್ಟಿದ ಸಿಂಬಳ ತೆಗೆಯುವುದು, ಆಮ್ಲಜನಕ ಕೊಡುವುದು, ಹಾಲು ಕುಡಿಯಲಾಗದಿದ್ದರೆ ಡ್ರಿಪ್ ಹಾಕುವುದು. ಆಂಟಿಬಯೋಟಿಕ್ ವೈರಸ್ಸಿಗೆ ನಾಟದು. 2019ರಲ್ಲಿ ಐದು ವರ್ಷದೊಳಗಿನ ಸುಮಾರು ಒಂದು ಲಕ್ಷ ಮಕ್ಕಳು ಇದರಿಂದ ಸತ್ತರೆಂಬ ಅಂದಾಜಿದೆ. ಬಹುತೇಕ ಎಲ್ಲರೂ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು.

ಈ ವೈರಸ್ಸಿನ ಬಂಡವಾಳವೆಲ್ಲ ಸುಮಾರು 15,200 ಅಕ್ಷರಗಳ ಒಂದೇ ಒಂದು ಆರ್‌ಎನ್‌ಎ ಎಳೆ. ಅದನ್ನೇ ಡಿಎನ್‌ಎಯಿಂದ ತುಂಡರಿಸಬಾರದೇಕೆ?

ಡಿಎನ್‌ಎ ಎಂದರೆ ಮಾಹಿತಿಯ ಉಗ್ರಾಣ, ಕೆಲಸ ಮಾಡುವುದು ಅದರ ಜಾಯಮಾನವಲ್ಲ ಎಂದೇ ಬಹುಕಾಲ ನಂಬಲಾಗಿತ್ತು. 1994ರಲ್ಲಿ ಅಮೆರಿಕದ ರೊನಾಲ್ಡ್ ಬ್ರೇಕರ್ ಮತ್ತು ಜೆರಾಲ್ಡ್ ಜಾಯ್ಸ್, ಆರ್‌ಎನ್‌ಎಯನ್ನು ಕತ್ತರಿಸುವ ಡಿಎನ್‌ಎ ತುಣುಕನ್ನು ಪ್ರಯೋಗಾಲಯದಲ್ಲಿ ಆರಿಸಿ ತೆಗೆದರು. ಪ್ರಕೃತಿಯಲ್ಲಿ ಇಂಥದ್ದು ಸಿಕ್ಕಿರಲಿಲ್ಲ. ಮೂರು ವರ್ಷದ ನಂತರ ಸ್ಟೀಫನ್ ಸಾಂಟೊರೊ ಮತ್ತು ಜಾಯ್ಸ್ ರೂಪಿಸಿದ '10-23' ಎಂಬ ಇಂಥ ಕತ್ತರಿ ತುಣುಕು, ಅಂದರೆ ಡಿಎನ್‌ಎಜೈಮ್ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ನಡುವೆ 15 ಅಕ್ಷರಗಳ ತಿರುಳು, ಆಚೀಚೆ ಎರಡು ತೋಳು. ತೋಳುಗಳು ಗುರಿಯ ಎಳೆಗೆ ಜೋಡಿಗೂಡಿ ಅಂಟುತ್ತವೆ, ಮೆಗ್ನೀಷಿಯಂ ನೆರವಿನಿಂದ ತಿರುಳು ಅದನ್ನು ಕತ್ತರಿಸುತ್ತದೆ, ಬಳಿಕ ಕಳಚಿಕೊಂಡು ಮುಂದಿನದಕ್ಕೆ ಹೋಗುತ್ತದೆ. ತೋಳಿನ ಅಕ್ಷರ ಬದಲಿಸಿದರೆ ಗುರಿಯೂ ಬದಲು. ಈ ಸರಳತೆಯೇ ಆಸೆ ಹುಟ್ಟಿಸುವುದು.

ಚೀನಾದ ಸಂಶೋಧಕರು ಡಿಝಡ್1133 ಎಂಬ ಡಿಎನ್‌ಎಜೈಮನ್ನು ಆರ್‌ಎಸ್‌ವಿಯ ಎನ್ ಜೀನ್‌ಗೆ ಗುರಿಯಿಟ್ಟರು. ವೈರಸ್ಸಿನ ಎ, ಬಿ ಎರಡೂ ಬಗೆಗಳಲ್ಲಿ ಹೆಚ್ಚು ಬದಲಾಗದ ಜಾಗವದು. 2007ರಲ್ಲಿ ವರದಿಯಾದಂತೆ, ಪ್ರಯೋಗದ ಇಲಿಗಳ ಶ್ವಾಸಕೋಶದಲ್ಲಿ ವೈರಸ್ ತಗ್ಗಿತು.

ಇಲಿಯಿಂದ ಮಗುವಿಗೆ ದಾರಿ ದೂರ. ಜೀವಕೋಶದೊಳಗೆ ಸಿಗುವ ಮೆಗ್ನೀಷಿಯಂ ಕಡಿಮೆ. ಬರಿಯ ಡಿಎನ್‌ಎಯನ್ನು ದೇಹದ ಕಿಣ್ವಗಳು ಬೇಗ ಜೀರ್ಣಿಸಿಬಿಡುತ್ತವೆ. ಕಫ ದಾಟಿ ಕೋಶದೊಳಗೆ ಹೊಗುವುದಂತೂ ಬೇರೆಯೇ ಸಾಹಸ. ಉಸಿರಿನ ಮೂಲಕ ಕೊಡಬಹುದೆಂಬುದಕ್ಕೆ ಒಂದು ಆಧಾರ ಜರ್ಮನಿಯದು: 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಲರ್ಜಿಯ ಆಸ್ತಮಾ ಇದ್ದವರು ಡಿಎನ್‌ಎಜೈಮ್ ಒಳಗೆಳೆದುಕೊಂಡಾಗ ತಡವಾಗಿ ಕಾಣಿಸಿಕೊಳ್ಳುವ ಉಬ್ಬಸ ಸುಮಾರು ಮೂರನೇ ಒಂದರಷ್ಟು ಇಳಿಯಿತು. ಅವರೆಲ್ಲ ವಯಸ್ಕರು, ಅಲ್ಲಿ ಗುರಿಯಾಗಿದ್ದುದೂ ವೈರಸ್ಸಲ್ಲ.

ಮಕ್ಕಳ ವಿಷಯದಲ್ಲಿ ಅವಸರ ಸಲ್ಲ. 1966ರಲ್ಲಿ ಅಮೆರಿಕದಲ್ಲಿ ಪ್ರಯೋಗಿಸಿದ ಆರ್‌ಎಸ್‌ವಿ ಲಸಿಕೆ ಸೋಂಕನ್ನು ಇನ್ನಷ್ಟು ಉಗ್ರಗೊಳಿಸಿ, ಇಬ್ಬರು ಪುಟ್ಟ ಮಕ್ಕಳು ತೀರಿಕೊಂಡರು.

2023ರಲ್ಲಿ ಅಮೆರಿಕ ಶಿಶುಗಳಿಗೆ ನಿರ್ಸೆವಿಮ್ಯಾಬ್ ಚುಚ್ಚುಮದ್ದಿಗೂ ಗರ್ಭಿಣಿಯರ ಲಸಿಕೆಗೂ ಒಪ್ಪಿಗೆ ಕೊಟ್ಟಿತು. ಅವು ಸೋಂಕಿಗೆ ಮುಂಚಿನ ರಕ್ಷಣೆ. ಕತ್ತರಿಯ ಕಷ್ಟ ಸೋಂಕಿನ ನಂತರದ್ದು: ಮಗು ಏದುಸಿರು ಬಿಡುವ ಹೊತ್ತಿಗೆ ವೈರಸ್ ಬಹುಪಾಲು ಕೆಲಸ ಮುಗಿಸಿರುತ್ತದೆ, ಉಳಿದ ತೊಂದರೆ ಉರಿಯೂತದ್ದು. ನನ್ನ ಮಟ್ಟಿಗೆ ಈ ಔಷಧಕ್ಕೆ ಮೊದಲ ಪರೀಕ್ಷೆ ನಡೆಯಬೇಕಾದ್ದು ಅವಧಿಗೆ ಮುನ್ನ ಹುಟ್ಟಿದ, ಹೃದಯದ ತೊಂದರೆಯಿರುವ ಶಿಶುಗಳಲ್ಲಿ, ಅದೂ ಮೂಗು ಸೋರಿದ ಮೊದಲ ದಿನವೇ.