ಹಾವಿನ ವಿಷ ಮೈಯಲ್ಲಿ ಏನು ಮಾಡುತ್ತದೆ?

ನಾವು ತೋಟದಲ್ಲಿ ದುಡಿಯುವವರು. ಮೂಡಿಗೆರೆ, ಕಳಸದ ಕಡೆ ಕಾಫಿ ಹಣ್ಣು ಕುಯ್ಯುತ್ತೇವೆ. ಕಳೆ ತೆಗೆಯುತ್ತೇವೆ. ಗಿಡದ ಬುಡದ ತರಗೆಲೆಗೆ ಕೈ ಹಾಕುತ್ತೇವೆ. ಹಾವೂ ಅಲ್ಲೇ ಇರುತ್ತದೆ.

ವಿಷ ಅಂದರೆ ಏನು? ಅದು ಒಂದು ಬಗೆಯ ಜೊಲ್ಲು. ಹಾವಿನ ಕಣ್ಣಿನ ಹಿಂದೆ ಎರಡು ಚೀಲಗಳಿವೆ. ವಿಷ ಅಲ್ಲಿ ತಯಾರಾಗಿ ಹಲ್ಲಿನ ಮೂಲಕ ಇಳಿಯುತ್ತದೆ. ಇಲಿ, ಕಪ್ಪೆ ಹಿಡಿಯಲಿಕ್ಕೆ ಹಾವಿಗೆ ಅದು ಬೇಕು. ಹಾವು ಹಗೆ ಇಟ್ಟುಕೊಳ್ಳುತ್ತೆ ಅನ್ನೋದು ಬರೀ ಕತೆ.

ಎಲ್ಲಾ ವಿಷ ಒಂದೇ ಅಲ್ಲ. ನಾಗರಹಾವು, ಕಟ್ಟಹಾವಿನ ವಿಷ ನರಗಳನ್ನು ಹಿಡಿಯುತ್ತದೆ. ಕಣ್ಣಿನ ರೆಪ್ಪೆ ಜೋತುಬೀಳುತ್ತದೆ. ಮಾತು ತೊದಲುತ್ತದೆ. ಉಸಿರೇ ನಿಲ್ಲಬಹುದು. ಕಟ್ಟಹಾವು ಕಚ್ಚುವುದು ರಾತ್ರಿ. ನೆಲದ ಮೇಲೆ ಮಲಗಿದವರಿಗೆ ಕಚ್ಚಿದ್ದೇ ಗೊತ್ತಾಗದೆ ಇರಬಹುದು. ಬೆಳಗ್ಗೆ ಎದ್ದು ಹೊಟ್ಟೆನೋವು ಅಂತಾರೆ.

ಕೊಳಕುಮಂಡಲದ ವಿಷ ರಕ್ತ ಕೆಡಿಸುತ್ತದೆ. ಹಾಲು ಹೆಪ್ಪುಗಟ್ಟಿ ಮೊಸರಾಗುತ್ತದಲ್ಲ, ಗಾಯದ ರಕ್ತವೂ ಹೆಪ್ಪುಗಟ್ಟಬೇಕು. ವಿಷ ಸೇರಿದರೆ ಕಟ್ಟೋದಿಲ್ಲ. ಡಾಕ್ಟರು ಸ್ವಲ್ಪ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟು, ಓರೆ ಮಾಡಿ ನೋಡುತ್ತಾರೆ. ನೀರಿನ ಹಾಗೆ ಹರಿದರೆ ವಿಷ ಏರಿದೆ ಅಂತ ಅರ್ಥ.

ಇದಕ್ಕೆ ಮದ್ದು ಎಲ್ಲಿಂದ ಬರುತ್ತದೆ? ತಮಿಳುನಾಡಿನ ಇರುಳ ಜನ 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಅಂಥ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ರಕ್ತದಲ್ಲಿ ವಿಷ ತಡೆಯುವ ಶಕ್ತಿ ಹುಟ್ಟುತ್ತದೆ. ಅದನ್ನು ಶುದ್ಧ ಮಾಡಿದರೆ ಅದೇ ಮದ್ದು.

ಆದರೆ ಈ ಮದ್ದು ನಾಲ್ಕು ಹಾವಿಗೆ ಮಾತ್ರ: ನಾಗರಹಾವು, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲ. ನಮ್ಮ ತೋಟದ ಗುಳಿಮಂಡಲಕ್ಕೆ ಇದು ನಾಟೋದಿಲ್ಲ. ಇದರ ಕಣ್ಣಿಗೂ ಮೂಗಿಗೂ ನಡುವೆ ಗುಳಿ ಇದೆ. ಇಲಿಯ ಮೈಬಿಸಿ ಕತ್ತಲಲ್ಲೂ ಅದಕ್ಕೆ ತಿಳಿಯುತ್ತದೆ. ಇದು ಕಚ್ಚಿದರೆ ಕೈಕಾಲು ಊದುತ್ತದೆ. ಕೆಲವರಿಗೆ ರಕ್ತ, ಮೂತ್ರಪಿಂಡ ಕೆಡುತ್ತದೆ. ಮತ್ತೆ ಆಸ್ಪತ್ರೆಗೆ ಯಾಕೆ ಹೋಗಬೇಕು ಅಂತೀರಾ? ರಕ್ತ, ಮೂತ್ರ ನೋಡುತ್ತಾ ಮೂತ್ರಪಿಂಡ ಕಾಯಬೇಕಲ್ಲ! ಕಚ್ಚಿದ್ದು ಯಾವ ಹಾವು ಅಂತ ನಮಗೂ ಗೊತ್ತಿರೋದಿಲ್ಲ.

ನಾಟಿ ಮದ್ದಿನಿಂದ ಉಳಿದವರಿಲ್ಲವೇ ಅಂತ ಕೇಳುತ್ತಾರೆ. ಹಾವು ಕೆಲವು ಸಲ ಕಚ್ಚಿದರೂ ವಿಷ ಬಿಡುವುದಿಲ್ಲ. ಅಂಥವರು ಮದ್ದಿಲ್ಲದೆಯೂ ಉಳಿಯುತ್ತಾರೆ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಒಂದು ನಿಯಮ ಮಾಡಿತು. ಹಾವು ಕಚ್ಚಿದ ಪ್ರತಿಯೊಬ್ಬರ ವಿಷಯವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು. ಖಾಸಗಿ ಆಸ್ಪತ್ರೆಗೂ ಇದು ಅನ್ವಯಿಸುತ್ತದೆ. ಲೈನ್ ಮನೆಯ ಹೆಂಗಸಿಗೆ ಕಚ್ಚಿದ್ದೂ ಲೆಕ್ಕಕ್ಕೆ ಬರಬೇಕು.

ಕಚ್ಚಿದ ಕೂಡಲೇ ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಊದಿದ ಮೇಲೆ ಬರೋದಿಲ್ಲ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಕೋಲು ಆಸರೆ ಕೊಡಿ. ನಡೆಸದೆ ಹೊತ್ತುಕೊಂಡು ರಸ್ತೆಗೆ ತನ್ನಿ. 108ಕ್ಕೆ ಫೋನ್ ಮಾಡಿ.